ಪಕ್ಕದಲ್ಲಿ ಕೂರುವುದು, ಪಕ್ಕದಿಂದ ಏಳುವುದು: ಸಮನ್ವಯ ತರಗತಿಯಲ್ಲಿ ಮಕ್ಕಳಿಗೆ ನೆರವಾಗುವವರಿಗೊಂದು ಸಮಗ್ರ ಮಾರ್ಗದರ್ಶಿ

ವಿಶೇಷ ಅಗತ್ಯವುಳ್ಳ ಮಕ್ಕಳೂ ಉಳಿದವರ ಜೊತೆಗೇ ಕಲಿಯುವ ಸಮನ್ವಯ ತರಗತಿ ಎಂದಾಗ ಹಲವು ಶಾಲೆಗಳಲ್ಲಿ ಕಾಣುವ ಚಿತ್ರ ಒಂದೇ. ತರಗತಿ ತುಂಬ ಮಕ್ಕಳು ಪಾಠ ಕೇಳುತ್ತಿರುತ್ತಾರೆ. ಒಂದು ಮೂಲೆಯಲ್ಲಿ ಇನ್ನೊಂದು ಮಗು, ಅದರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ ಸಹಾಯಕ ಶಿಕ್ಷಕಿ. ಪುಟ ತಿರುಗಿಸುವವರು ಅವರು, ಪೆನ್ಸಿಲ್ ಎತ್ತಿಕೊಡುವವರು ಅವರು, ಉತ್ತರದ ಮೊದಲ ಅಕ್ಷರ ಪಿಸುಗುಟ್ಟುವವರೂ ಅವರೇ. ನೋಟ್‌ಬುಕ್ ತುಂಬುತ್ತದೆ. ತರಗತಿಯ ಶಿಕ್ಷಕರು ಆ ಮೂಲೆಯ ಕಡೆ ಬರುವುದು ಕಡಿಮೆಯಾಗುತ್ತದೆ, ಸಹಪಾಠಿಗಳೂ ಬರುವುದಿಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ದುಡಿದಿರುತ್ತಾರೆ. ಆದರೂ ವರ್ಷದ ಕೊನೆಗೆ ಮಗು ತಾನಾಗಿ ಮಾಡಬಲ್ಲದ್ದು ಹೆಚ್ಚಿರುವುದಿಲ್ಲ.

1997ರಲ್ಲಿ ಅಮೆರಿಕದ ಸಂಶೋಧಕ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು ತರಗತಿಗಳಲ್ಲಿ ಕೂತು ನೋಡಿ ಬರೆದದ್ದು ಇದನ್ನೇ. ದೊಡ್ಡವರೊಬ್ಬರು ಸದಾ ಅಂಟಿಕೊಂಡಿದ್ದರೆ ಮಗು ಅವರ ಮೇಲೆ ಅವಲಂಬಿಸುತ್ತದೆ, ಗೆಳೆಯರಿಂದ ದೂರವಾಗುತ್ತದೆ, ತರಗತಿಯ ಶಿಕ್ಷಕರು ಆ ಮಗುವಿನ ಹೊಣೆಯನ್ನು ಕೈಬಿಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೀಟರ್ ಬ್ಲಾಚ್‌ಫರ್ಡ್ ಮತ್ತಿತರರು ಹಲವು ವರ್ಷ ನಡೆಸಿ 2009ರಲ್ಲಿ ಹೊರತಂದ ಅಧ್ಯಯನದ ಫಲಿತಾಂಶ ಇನ್ನೂ ಕಟುವಾಗಿತ್ತು. ಸಹಾಯಕರಿಂದ ಹೆಚ್ಚು ನೆರವು ಪಡೆದ ಮಕ್ಕಳ ಪ್ರಗತಿ, ಅಂಥದೇ ಸ್ಥಿತಿಯಲ್ಲಿದ್ದು ಕಡಿಮೆ ನೆರವು ಪಡೆದ ಮಕ್ಕಳದ್ದಕ್ಕಿಂತ ಕಡಿಮೆಯಿತ್ತು. ದೋಷ ಸಹಾಯಕರದ್ದಲ್ಲ ಎಂದು ಸಂಶೋಧಕರು ಒತ್ತಿ ಹೇಳಿದರು. ಶಿಕ್ಷಕರ ಜೊತೆ ಕೂತು ತಯಾರಾಗಲು ಅವರಿಗೆ ಸಮಯವೇ ಇರಲಿಲ್ಲ. ಹೀಗಾಗಿ ಮಗುವಿನ ಕಲಿಕೆಗಿಂತ ಕೊಟ್ಟ ಕೆಲಸ ಮುಗಿಯುವುದೇ ಮುಖ್ಯವಾಗಿಬಿಡುತ್ತಿತ್ತು.

ನೀವು ವಿಶೇಷ ಶಿಕ್ಷಕರಾಗಿರಿ, ಸಹಾಯಕರಾಗಿರಿ, ವಿಶೇಷ ಅಗತ್ಯವುಳ್ಳ ಮಗುವೊಂದು ಸೇರಿಕೊಂಡ ಸಾಮಾನ್ಯ ತರಗತಿಯ ಶಿಕ್ಷಕರಾಗಿರಿ, ಮುಂದಿನ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಕೊಡುತ್ತಿರುವ ಸಹಾಯವನ್ನು ನಾನು ಯಾವಾಗ, ಹೇಗೆ ಹಿಂದಕ್ಕೆ ತೆಗೆಯುತ್ತೇನೆ? ವೀಲ್‌ಚೇರ್, ಬ್ರೈಲ್, ಶ್ರವಣ ಸಾಧನ, ಸಂಜ್ಞೆ ಭಾಷೆ, ಮಾತಿನ ಬದಲಿಗೆ ಬಳಸುವ ಚಿತ್ರಫಲಕ ಇವು ಈ ಪ್ರಶ್ನೆಗೆ ಒಳಪಡುವುದಿಲ್ಲ. ಅವು ಮಗುವಿನ ಸ್ವಂತದವು, ಬೇಕಿರುವಷ್ಟು ಕಾಲ ಅದರ ಜೊತೆಗೇ ಇರಬೇಕಾದವು. ಹಿಂದಕ್ಕೆ ಸರಿಯಬೇಕಾದದ್ದು ನಮ್ಮ ಕೈ, ನಮ್ಮ ಮಾತು, ನಮ್ಮ ಕುರ್ಚಿ.

ಸ್ಪೇನಿನ ಸಲಮಾಂಕಾದಲ್ಲಿ 1994ರಲ್ಲಿ 92 ಸರ್ಕಾರಗಳು ಸೇರಿ ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಗೇ ಬರುವಂತಾಗಬೇಕು ಎಂದವು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 24ನೇ ವಿಧಿ ಅದನ್ನು ಹಕ್ಕಾಗಿಸಿತು. ಬದಲಾಗದ ತರಗತಿಯೊಳಗೆ ಮಗುವನ್ನು ತಂದು ಕೂರಿಸಿದರಷ್ಟೇ ಸಾಲದು, ತರಗತಿಯೇ ಬದಲಾಗಬೇಕು ಎಂದು ಅದರ ಸಮಿತಿ 2016ರಲ್ಲಿ ಬಿಡಿಸಿ ಹೇಳಿತು. ಆ ಬದಲಾವಣೆಯನ್ನು ದಿನದಿನವೂ ಮಾಡಬೇಕಾದವರು ನಾವು.

1. ಮೊದಲು ಮಗುವನ್ನು ನೋಡಿ

ವೈದ್ಯಕೀಯ ವರದಿ ಓದಲೇಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿ ಮಂದವಾಗಿರುವುದು ಸಾಮಾನ್ಯ. ಕೇಳಿದ್ದಕ್ಕಿಂತ ನೋಡಿದ್ದು ಅವರಲ್ಲಿ ಹೆಚ್ಚು ನಿಲ್ಲುತ್ತದೆ ಎಂದು ತಿಳಿದಿದ್ದರೆ ನೀವು ಮೊದಲ ದಿನದಿಂದಲೇ ಮಾತು ಕಡಿಮೆ ಮಾಡಿ ಚಿತ್ರ ಹೆಚ್ಚು ಮಾಡುತ್ತೀರಿ. ಸ್ನಾಯುಗಳ ಮೇಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯಲ್ಲಿ ಮಾತು ತೊಡರಿದರೂ ಬುದ್ಧಿ ಚುರುಕಾಗಿರಬಹುದು ಎಂಬುದು ಗೊತ್ತಿದ್ದರೆ ಮೂರನೇ ತರಗತಿಯ ಮಗುವಿನ ಜೊತೆ ಕೂಸಿನ ಭಾಷೆ ಆಡುವುದಿಲ್ಲ. ಆದರೆ ವರದಿ ಅಷ್ಟಕ್ಕೆ ನಿಲ್ಲುತ್ತದೆ. ಒಂದೇ ರೋಗನಿರ್ಣಯ ಇರುವ ಇಬ್ಬರು ಮಕ್ಕಳಿಗೆ ಒಂದೇ ಪಾಠಯೋಜನೆ ಹೊಂದುವುದು ಅಪರೂಪ.

ಹಾಗಾಗಿ ಮೊದಲ ವಾರ ಕಲಿಸುವ ಆತುರ ಬೇಡ. ಮಗುವಿಗೆ ಇಷ್ಟವಾದ ತರಗತಿಯಲ್ಲಿ ಹದಿನೈದು ನಿಮಿಷ, ಕಷ್ಟವಾದ ತರಗತಿಯಲ್ಲಿ ಹದಿನೈದು ನಿಮಿಷ, ಆಟದ ಬಿಡುವಿನಲ್ಲಿ ಹದಿನೈದು ನಿಮಿಷ ದೂರದಿಂದ ನೋಡಿ. ಅಭಿಪ್ರಾಯ ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ‘ಗಮನ ಕೊಡುವುದಿಲ್ಲ’ ಎಂಬ ಸಾಲಿನಿಂದ ಏನೂ ಸಿಗುವುದಿಲ್ಲ. ‘ಬೋರ್ಡಿನಿಂದ ಬರೆದುಕೊಳ್ಳುವಾಗ ಪ್ರತಿ ಪದಕ್ಕೂ ತಲೆ ಎತ್ತಿ ಜಾಗ ಹುಡುಕುತ್ತಾನೆ, ಎರಡನೇ ಸಾಲಿಗೆ ಬಿಟ್ಟುಬಿಡುತ್ತಾನೆ, ಬಾಯಿಮಾತಿನ ಪ್ರಶ್ನೆಗೆ ಕೂಡಲೇ ಕೈ ಎತ್ತುತ್ತಾನೆ’ ಎಂಬ ಸಾಲಿನಲ್ಲಿ ಮುಂದಿನ ಮೂರು ತಿಂಗಳ ಕೆಲಸವೇ ಇದೆ.

ತಂದೆತಾಯಿಯನ್ನು ‘ಸಮಸ್ಯೆ ಏನು?’ ಎಂದು ಕೇಳಬೇಡಿ, ಅದನ್ನು ಅವರು ನೂರು ಕಡೆ ಹೇಳಿ ದಣಿದಿರುತ್ತಾರೆ. ‘ಮನೆಯಲ್ಲಿ ಯಾವುದನ್ನು ತಾನೇ ಮಾಡಿಕೊಳ್ಳುತ್ತಾಳೆ? ಸಿಟ್ಟು ಬರುವ ಮೊದಲು ಹೇಗೆ ಗೊತ್ತಾಗುತ್ತದೆ? ಸಮಾಧಾನ ಆಗುವುದು ಯಾವುದರಿಂದ?’ ಎಂದು ಕೇಳಿ. ಮಗುವನ್ನೂ ಕೇಳಿ. ಮಾತು ಬಾರದಿದ್ದರೆ ಎರಡು ಚಿತ್ರ ಇಟ್ಟು ಆಯ್ಕೆ ಮಾಡಿಸಿ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಇತ್ತೀಚೆಗೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸರಿಯಾಗಿ ಕೇಳಿಸದ ಮಗುವಿಗೆ ‘ಹೇಳಿದ ಮಾತು ಕೇಳಲ್ಲ’ ಎಂಬ ಹಣೆಪಟ್ಟಿ ಅಂಟುವುದು ಬಹಳ ಸುಲಭ.

2. ಕೋಣೆಯನ್ನು ಸರಿಪಡಿಸಿ

ಕೋಣೆ ಮಾಡಬಹುದಾದ ಸಹಾಯಕ್ಕೆ ಮನುಷ್ಯರನ್ನು ನಿಲ್ಲಿಸಬೇಡಿ. ಮಗುವಿನ ಪಾದ ನೆಲಕ್ಕೆ ಊರದಿದ್ದರೆ ಕೈಬರಹ ಸುಧಾರಿಸುವುದು ಕಷ್ಟ; ಕಾಲಕೆಳಗೆ ಒಂದು ಗಟ್ಟಿ ಮಣೆ ಇಡಿ. ವೀಲ್‌ಚೇರ್ ಬಾಗಿಲಿನಿಂದ ತನ್ನ ಜಾಗಕ್ಕೆ ಮಾತ್ರವಲ್ಲ, ಬೋರ್ಡಿಗೂ, ಪುಸ್ತಕದ ಕಪಾಟಿಗೂ, ಗೆಳೆಯರ ಬೆಂಚಿಗೂ ಹೋಗುವಂತಿರಬೇಕು.

ಶ್ರವಣ ದೋಷವಿರುವ ಮಗು ನಿಮ್ಮ ಮುಖವನ್ನೂ ಓದುತ್ತಿರುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಪಾಠವೇ ನಿಂತಂತೆ. ಶ್ರವಣ ಸಾಧನ ನಿಮ್ಮ ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ಬೆಂಚಿನ ಕಿರಕಿರಿಯನ್ನೂ ಹೆಚ್ಚಿಸುತ್ತದೆ. ದೂರ ಹೆಚ್ಚಿದಷ್ಟೂ ಮಾತು ಗದ್ದಲದಲ್ಲಿ ಕರಗುತ್ತದೆ. ಶಿಕ್ಷಕರ ಕೊರಳಿಗೆ ಹಾಕುವ ಮೈಕ್ ಇದ್ದರೆ ಬಳಸಿ, ಇಲ್ಲದಿದ್ದರೆ ಹತ್ತಿರ ಹೋಗಿ. ಬೇರೆ ಮಗು ಉತ್ತರಿಸಿದಾಗ ಅದನ್ನು ನೀವು ಇನ್ನೊಮ್ಮೆ ಹೇಳಿ.

ದೃಷ್ಟಿ ದೋಷವಿರುವ ಮಗುವಿಗೆ ‘ಇದನ್ನು ಇಲ್ಲಿಗೆ ಕೂಡಿಸಿದರೆ ಎಷ್ಟು?’ ಎಂಬುದು ಪ್ರಶ್ನೆಯೇ ಅಲ್ಲ. ‘ಹದಿನೆಂಟಕ್ಕೆ ಏಳು ಕೂಡಿಸಿದರೆ ಎಷ್ಟು?’ ಅನ್ನಿ. ಬರೆಯುವುದೆಲ್ಲವನ್ನೂ ಬಾಯಲ್ಲೂ ಹೇಳುವ ಅಭ್ಯಾಸ ಇಡೀ ತರಗತಿಗೆ ಒಳ್ಳೆಯದು.

ಆಟಿಸಂ ಇರುವ ಹಲವು ಮಕ್ಕಳಿಗೆ ಮುಂದೇನು ಎಂಬುದು ತಿಳಿಯದಿರುವುದೇ ದೊಡ್ಡ ಹಿಂಸೆ. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಅವರ ಮುಂದಾಳತ್ವದಲ್ಲಿ ಇಂಥ ಮಕ್ಕಳಿಗಾಗಿ 1972ರಲ್ಲಿ ಶುರುವಾದ ಟೀಚ್ (TEACCH) ಕಾರ್ಯಕ್ರಮ ದಿನದ ಕ್ರಮವನ್ನು ಚಿತ್ರಗಳ ಸಾಲಾಗಿ ತೋರಿಸುವ ಪದ್ಧತಿಯನ್ನು ಬೆಳೆಸಿತು. ಮೇಜಿನ ಮೂಲೆಗೆ ಅಂಟಿಸಿದ ಐದಾರು ಚಿತ್ರ ಸಾಕು, ಒಂದೊಂದು ಮುಗಿದ ಹಾಗೆ ಮಗುವೇ ಕಿತ್ತು ಡಬ್ಬಿಗೆ ಹಾಕಲಿ. ‘ಈಗ ಪುಸ್ತಕ ತೆಗಿ, ಈಗ ಬಾ, ಈಗ ಕೂತ್ಕೋ’ ಎಂದು ದಿನವಿಡೀ ಹೇಳುವ ದೊಡ್ಡವರ ಅಗತ್ಯವನ್ನು ಆ ಪಟ್ಟಿ ಅರ್ಧಕ್ಕರ್ಧ ಕಡಿಮೆ ಮಾಡಬಲ್ಲದು. ಕ್ರಮ ಬದಲಾಗುವ ದಿನ ಮುಂಚಿತವಾಗಿ ಚಿತ್ರ ಬದಲಿಸಿ ತೋರಿಸಿ.

3. ಅಳೆಯಬಹುದಾದ ಗುರಿ ಬರೆಯಿರಿ

ಒಂದೊಂದು ಮಗುವಿಗೂ ಪ್ರತ್ಯೇಕವಾಗಿ ಬರೆಯುವ ವೈಯಕ್ತಿಕ ಶೈಕ್ಷಣಿಕ ಯೋಜನೆ ಅಮೆರಿಕದ 1975ರ ಕಾನೂನಿನಿಂದ ಕಡ್ಡಾಯವಾಗಿ ಬಂತು. ಇಂದು ಬೇರೆಬೇರೆ ಹೆಸರಿನಲ್ಲಿ ಅನೇಕ ದೇಶಗಳಲ್ಲಿದೆ. ಎಷ್ಟೋ ಕಡೆ ಅದು ಫೈಲಿನಲ್ಲಿ ಮಲಗಿರುತ್ತದೆ, ಕಾರಣ ಗುರಿಗಳು ಮಸುಕಾಗಿರುತ್ತವೆ. ‘ಓದುವ ಸಾಮರ್ಥ್ಯ ವೃದ್ಧಿಸುವುದು’ ಎಂದು ಬರೆದರೆ ಅದು ಈಡೇರಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಅದನ್ನೇ ಹೀಗೆ ಬರೆಯಿರಿ:

‘ಒತ್ತಕ್ಷರಗಳಿರುವ, ಮೊದಲು ನೋಡಿರದ ಐದು ವಾಕ್ಯಗಳನ್ನು ಕೊಟ್ಟಾಗ ಯಾರ ಸುಳಿವೂ ಇಲ್ಲದೆ ಓದಿ, ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಮಾತಿನಲ್ಲೋ ಚಿತ್ರ ತೋರಿಸಿಯೋ ಉತ್ತರಿಸುತ್ತಾಳೆ. ಬೇರೆಬೇರೆ ವಾರಗಳಲ್ಲಿ ಮೂರು ಸಲ ಹೀಗೆ ಮಾಡಿದರೆ ಗುರಿ ಮುಟ್ಟಿದಂತೆ. ಅವಧಿ ಮೂರು ತಿಂಗಳು.’

ಯಾವ ಸಂದರ್ಭ, ಯಾವ ಕ್ರಿಯೆ, ಎಷ್ಟು ಸಹಾಯ, ಎಷ್ಟು ಸಲ, ಯಾವಾಗಿನೊಳಗೆ, ಎಲ್ಲವೂ ಅದರಲ್ಲಿದೆ. ಇಂದು ಎಲ್ಲಿದ್ದಾಳೆ ಎಂಬುದನ್ನು ಅಳೆದು ಪಕ್ಕದಲ್ಲೇ ಬರೆಯಿರಿ. ನಾಲ್ಕೈದು ಗುರಿಗಿಂತ ಹೆಚ್ಚು ಬೇಡ. ಹನ್ನೆರಡು ಗುರಿ ಬರೆದವರು ವಾರದ ಮಧ್ಯದಲ್ಲಿ ಯಾವುದನ್ನೂ ನೆನಪಿಟ್ಟುಕೊಂಡಿರುವುದಿಲ್ಲ. ಒಂದು ಗುರಿಯಾದರೂ ಗೆಳೆತನ ಅಥವಾ ಮಾತುಕತೆಗೆ ಸಂಬಂಧಿಸಿರಲಿ.

ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗುವುದುಂಟು, ಬಿಡಿಸಿಕೊಳ್ಳಬೇಕು. ಕಲಿಯಬೇಕಾದದ್ದು ಎಲ್ಲರಿಗೂ ಒಂದೇ ಆಗಿದ್ದು ದಾರಿ ಮಾತ್ರ ಬೇರೆಯಾಗುವುದು ಒಂದು. ಓದುವುದು ಬರೆಯುವುದು ತೊಡಕಾಗುವ ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ದ್ಯುತಿಸಂಶ್ಲೇಷಣೆಯ ಪಾಠವನ್ನು ಆಡಿಯೋದಲ್ಲಿ ಕೊಟ್ಟು ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಪಡೆದರೆ ವಿಜ್ಞಾನ ಒಂದಿಷ್ಟೂ ತೆಳುವಾಗಿಲ್ಲ. ಕಲಿಯಬೇಕಾದದ್ದನ್ನೇ ಬದಲಿಸುವುದು ಇನ್ನೊಂದು. ಬೌದ್ಧಿಕ ಅಸಾಮರ್ಥ್ಯವಿರುವ ಹುಡುಗಿ ಅದೇ ಗುಂಪಿನಲ್ಲಿ, ಅದೇ ಗಿಡದ ಪ್ರಯೋಗ ಮಾಡುತ್ತಾ, ಗಿಡ ಬೆಳೆಯಲು ಬೆಳಕು ಮತ್ತು ನೀರು ಬೇಕು ಎಂಬುದನ್ನು ಚಿತ್ರ ಜೋಡಿಸಿ ತೋರಿಸುತ್ತಾಳೆ. ಎರಡೂ ಸರಿ. ಆದರೆ ಎರಡನೆಯದು ಮುಂದಿನ ಪರೀಕ್ಷೆ, ಪ್ರಮಾಣಪತ್ರಗಳ ಮೇಲೆ ಪರಿಣಾಮ ಬೀರಬಹುದು. ಅದನ್ನು ತಂದೆತಾಯಿಯ ಜೊತೆ ಕೂತು, ವಿಷಯವಾರು, ಬರಹದಲ್ಲಿ ನಿರ್ಧರಿಸಬೇಕು. ಮೊದಲ ದಾರಿಯನ್ನು ಪೂರ್ತಿ ಪ್ರಯತ್ನಿಸದೆ ಎರಡನೆಯದಕ್ಕೆ ಹೋಗುವುದು ಮಗುವಿಗೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ.

4. ತರಗತಿಯ ಶಿಕ್ಷಕರ ಜೊತೆ ಯೋಜನೆ ಹಾಕಿ

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಸಿಕ್ಕರೂ ಸಾಕು, ಆದರೆ ಅದು ವೇಳಾಪಟ್ಟಿಯಲ್ಲೇ ಇರಬೇಕು. ಕಾರಿಡಾರಿನಲ್ಲಿ ನಿಂತು ಆಡಿದ ಮಾತು ಯೋಜನೆ ಆಗುವುದಿಲ್ಲ. ಕೇಳಬೇಕಾದ್ದು ಮೂರು: ಮುಂದಿನ ವಾರದ ಪಾಠದ ತಿರುಳೇನು? ಈ ಮಗು ಎಲ್ಲಿ ತೊಡರಬಹುದು? ಆ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಯಾರು ಎಲ್ಲಿರುತ್ತೇವೆ?

ಇಬ್ಬರು ಶಿಕ್ಷಕರು ಒಂದು ತರಗತಿಯನ್ನು ಹಂಚಿಕೊಳ್ಳಲು ವಿಶೇಷ ಶಿಕ್ಷಣ ತಜ್ಞರಾದ ಮರ್ಲಿನ್ ಫ್ರೆಂಡ್ ಮತ್ತು ಲಿನ್ ಕುಕ್ ಆರು ಬಗೆಗಳನ್ನು ವಿವರಿಸಿದ್ದಾರೆ. ಹೆಚ್ಚು ಬಳಕೆಯಲ್ಲಿರುವುದು ಒಬ್ಬರು ಕಲಿಸುವುದು, ಇನ್ನೊಬ್ಬರು ಸುತ್ತಾಡಿ ಸಹಾಯ ಮಾಡುವುದು. ಅದೇ ಖಾಯಂ ಆದರೆ ಎರಡನೆಯವರು ಮಕ್ಕಳ ಕಣ್ಣಿಗೆ ಅರ್ಧ ಶಿಕ್ಷಕರಾಗಿಬಿಡುತ್ತಾರೆ. ತರಗತಿಯನ್ನು ಎರಡು ಗುಂಪು ಮಾಡಿ ಒಂದೇ ಪಾಠವನ್ನು ಇಬ್ಬರೂ ಕಲಿಸುವುದು, ಅಥವಾ ಮೂರ್ನಾಲ್ಕು ಮೇಜುಗಳಲ್ಲಿ ಬೇರೆಬೇರೆ ಚಟುವಟಿಕೆ ಇಟ್ಟು ಗುಂಪುಗಳು ಸರದಿಯಲ್ಲಿ ತಿರುಗುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಮಗು ಹತ್ತಾರು ಜನರ ಬದಲು ಐದಾರು ಜನರ ನಡುವೆ ಇರುತ್ತದೆ, ಯಾರಿಗೆ ಸಹಾಯ ಸಿಗುತ್ತಿದೆ ಎಂಬುದು ಎದ್ದು ಕಾಣುವುದಿಲ್ಲ. ಹತ್ತು ನಿಮಿಷ ನೀವು ಇಡೀ ತರಗತಿಗೆ ಪಾಠ ಮಾಡಿ, ತರಗತಿಯ ಶಿಕ್ಷಕರು ಈ ಮಗುವಿನ ಜೊತೆ ಕೂರಲಿ. ಮಗುವಿನ ಬಗ್ಗೆ ಅವರಿಗಿರುವ ಭಯ ಹೋಗಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

5. ಕಲಿಸುವಾಗ ಸಹಾಯದ ಅಳತೆ ತಿಳಿದಿರಲಿ

ಈ ವೃತ್ತಿಯ ಕೌಶಲವೆಲ್ಲ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕೆಲಸವನ್ನು ಒಡೆಯಿರಿ. ಶೂ ಲೇಸ್ ಕಟ್ಟುವುದು ನಮಗೆ ಒಂದು ಕೆಲಸ. ಮಗುವಿಗೆ ಅದು ಎರಡು ತುದಿ ಹಿಡಿಯುವುದು, ಅಡ್ಡ ಹಾಕುವುದು, ಒಂದನ್ನು ಕೆಳಗಿಂದ ತೂರಿಸುವುದು, ಎಳೆಯುವುದು, ಕುಣಿಕೆ ಮಾಡುವುದು, ಸುತ್ತುವುದು, ತೂರಿಸುವುದು, ಬಿಗಿಯುವುದು. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿ. ಮೊದಲ ದಿನಗಳಲ್ಲಿ ಎಲ್ಲವನ್ನೂ ನೀವು ಮಾಡಿ, ಬಿಗಿಯುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಹೀಗೆ ಮಾಡಿದಾಗ ಪ್ರತಿ ಸಲವೂ ಕೆಲಸ ಮುಗಿಸಿದವರು ಮಗುವೇ ಆಗಿರುತ್ತಾರೆ. ಚೀಲ ಜೋಡಿಸುವುದು, ಕೈ ತೊಳೆಯುವುದು ಕೂಡ ಹೀಗೆಯೇ ಬರುತ್ತವೆ. ಗಣಿತದ ಭಾಗಾಕಾರವನ್ನೂ ಇದೇ ದಾರಿಯಲ್ಲಿ ಕಲಿಸಬಹುದು.

ಎರಡನೆಯದು, ಸಹಾಯಕ್ಕೆ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದು ಏನೂ ಮಾಡದೆ ಕಾಯುವುದು. ಆಮೇಲೆ ಕಣ್ಣಿನಲ್ಲೋ ಬೆರಳಿನಲ್ಲೋ ಸನ್ನೆ. ಆಮೇಲೆ ಮಾತಿನ ಸುಳಿವು. ಆಮೇಲೆ ನೀವು ಮಾಡಿ ತೋರಿಸುವುದು. ಎಲ್ಲಕ್ಕಿಂತ ಮೇಲಿನದು ಕೈ ಹಿಡಿದು ಮಾಡಿಸುವುದು, ಅದಕ್ಕೆ ಮೊದಲು ಮಗುವಿನ ಒಪ್ಪಿಗೆ ಕೇಳಬೇಕು. ಕೈ ಹಿಂದಕ್ಕೆ ಎಳೆದುಕೊಂಡರೆ ಅದೂ ಒಂದು ಉತ್ತರ. ಹೆಚ್ಚಿನವರು ನೇರ ಮಾತಿನಿಂದಲೇ ಶುರುಮಾಡುತ್ತಾರೆ. ಆದರೆ ಮಾತಿನ ಸುಳಿವನ್ನು ಬಿಡಿಸುವುದು ಬಹಳ ಕಷ್ಟ. ‘ಮುಂದೆ ಏನು?’ ಎಂದು ನೀವು ಕೇಳುವ ತನಕ ಮುಂದಿನ ಹೆಜ್ಜೆ ಇಡದ ಮಗು, ಕೆಲಸ ಕಲಿತಿರುವುದಿಲ್ಲ, ನಿಮ್ಮ ದನಿಗೆ ಕಾಯುವುದನ್ನು ಕಲಿತಿರುತ್ತದೆ. ಸನ್ನೆ, ಚಿತ್ರ, ಬರೆದ ಪಟ್ಟಿ ಇವನ್ನು ಮೆಲ್ಲಗೆ ಸರಿಸುವುದು ಸುಲಭ.

ಯಾವ ತುದಿಯಿಂದ ಶುರುಮಾಡಬೇಕು ಎಂಬುದು ಕೆಲಸದ ಮೇಲೆ ಹೋಗುತ್ತದೆ. ಸಂಪೂರ್ಣ ಹೊಸದಾದರೆ, ತಪ್ಪುಗಳಿಂದ ಮಗು ಬೇಗ ಕಂಗೆಡುವಂತಿದ್ದರೆ, ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಬೇಗಬೇಗ ಇಳಿಯಿರಿ. ಅರ್ಧ ಬರುವ ಕೆಲಸವಾದರೆ ಕೆಳಗಿನಿಂದ ಹತ್ತಿ, ಅಂದರೆ ಮೊದಲು ಕಾಯಿರಿ.

ಕಾಯುವುದು ಕೇಳಲು ಸುಲಭ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸರಾಸರಿ ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದ್ದಷ್ಟಕ್ಕೇ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಇದು ಸಾಮಾನ್ಯ ತರಗತಿಯ ಮಾತು. ಕೇಳಿದ್ದನ್ನು ಅರಗಿಸಿಕೊಳ್ಳಲು ಹೊತ್ತು ಬೇಕಾಗುವ ಮಗುವಿಗೆ ಐದು, ಹತ್ತು ಸೆಕೆಂಡ್ ಬೇಕಾಗಬಹುದು. ಆ ಹೊತ್ತಿನಲ್ಲಿ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳಿದರೆ ಮಗು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಇಡೀ ತರಗತಿ ಕಾಯುವುದು ಮುಜುಗರ ಎನಿಸಿದರೆ, ‘ಮುಂದಿನ ಪ್ರಶ್ನೆ ಆದ ಮೇಲೆ ನಿನ್ನನ್ನು ಕೇಳ್ತೀನಿ, ಯೋಚಿಸು’ ಎಂದು ಮೊದಲೇ ಹೇಳಿಡಿ.

ದಾಖಲೆ ಇಡುವಾಗ ‘ಮಾಡಿದಳು’ ಎಂದಷ್ಟೇ ಬರೆಯಬೇಡಿ, ಯಾವ ಮೆಟ್ಟಿಲಿನ ಸಹಾಯದಿಂದ ಎಂದು ಬರೆಯಿರಿ. ಸ್ವ ಅಂದರೆ ಸ್ವತಃ, ಸ ಅಂದರೆ ಸನ್ನೆ, ಮಾ ಅಂದರೆ ಮಾತು, ತೋ ಅಂದರೆ ತೋರಿಸಿದ್ದು, ಕೈ ಅಂದರೆ ಕೈ ಹಿಡಿದದ್ದು. ಎರಡು ವಾರದ ಹಾಳೆಯಲ್ಲಿ ‘ಕೈ’ ಇದ್ದಲ್ಲಿ ‘ಸ’ ಬಂದಿದ್ದರೆ, ಅಂಕಪಟ್ಟಿಯಲ್ಲಿ ಕಾಣದ ದೊಡ್ಡ ಪ್ರಗತಿ ಅಲ್ಲಿ ಕಾಣುತ್ತದೆ. ಎರಡು ವಾರವೂ ‘ಮಾ’ ಒಂದೇ ಇದ್ದರೆ ಬದಲಾಗಬೇಕಾದ್ದು ನಿಮ್ಮ ವಿಧಾನ.

6. ಮಾತು ಬಾರದವರ ಮಾತಿಗೆ ಜಾಗ ಮಾಡಿ

ಮಾತಾಡದ ಮಗುವಿಗೆ ಹೇಳಲು ಏನೂ ಇಲ್ಲ ಎಂದುಕೊಳ್ಳುವುದು ನಮ್ಮ ಕ್ಷೇತ್ರದ ಹಳೆಯ ಪಾಪ. ಚಿತ್ರ ಕೊಟ್ಟು ವಸ್ತು ಪಡೆಯುವುದರಿಂದ ಶುರುವಾಗುವ ಪೆಕ್ಸ್ ಪದ್ಧತಿಯನ್ನು ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ಚಿತ್ರಫಲಕ, ಟ್ಯಾಬ್ಲೆಟ್ಟಿನ ಆ್ಯಪ್, ಸಂಜ್ಞೆಗಳು, ಕಣ್ಣಿನ ನೋಟದಿಂದ ನಡೆಯುವ ಸಾಧನ ಹೀಗೆ ಇಂದು ಹಲವು ದಾರಿಗಳಿವೆ. ‘ಇದನ್ನು ಕೊಟ್ಟರೆ ಮಾತೇ ಬರುವುದಿಲ್ಲ’ ಎಂಬ ಹೆದರಿಕೆ ತಂದೆತಾಯಿಗೆ ಸಹಜ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು 2006ರಲ್ಲಿ ಮಾಡಿದ ಪರಿಶೀಲನೆಯಲ್ಲಿ ಇಂಥ ಸಾಧನದಿಂದ ಯಾವ ಮಗುವಿನ ಮಾತೂ ಕಡಿಮೆಯಾಗಿರಲಿಲ್ಲ, ಹೆಚ್ಚಿನವರಲ್ಲಿ ಅಷ್ಟಿಷ್ಟು ಹೆಚ್ಚಿತ್ತು ಎಂದು ಧೈರ್ಯವಾಗಿ ಹೇಳಿ.

ಫಲಕವನ್ನು ಮಗು ಬಳಸಬೇಕಾದರೆ ಮೊದಲು ನೀವು ಬಳಸಿ. ‘ಈಗ ಹೊರಗೆ ಹೋಗೋಣ’ ಎನ್ನುವಾಗ ‘ಹೊರಗೆ’, ‘ಹೋಗು’ ಚಿತ್ರಗಳನ್ನು ಮುಟ್ಟುತ್ತಾ ಹೇಳಿ. ತಿಂಗಳುಗಟ್ಟಲೆ ಹೇಳಬೇಕಾಗಬಹುದು, ಎಳೆಗೂಸಿನ ಜೊತೆ ಅದು ಮಾತು ಕಲಿಯುವ ಮೊದಲೇ ನಾವು ಮಾತಾಡುವುದಿಲ್ಲವೇ? ‘ನೀರು’, ‘ಟಾಯ್ಲೆಟ್’ ಮಾತ್ರವಲ್ಲ, ‘ಬೇಡ’, ‘ನಿಲ್ಲಿಸಿ’, ‘ನೋವು’, ‘ನನಗೂ ಆಡಬೇಕು’, ‘ಬೋರಾಯ್ತು’ ಎಂಬವೂ ಅದರಲ್ಲಿರಲಿ. ಶಿಕ್ಷೆಯೆಂದು ಫಲಕವನ್ನು ಕಿತ್ತುಕೊಳ್ಳುವುದು ಮಗುವಿನ ಬಾಯಿ ಮುಚ್ಚಿಸಿದ ಹಾಗೆ, ಎಂದೂ ಮಾಡಬಾರದು. ಯಾರಾದರೂ ನಿಮ್ಮ ಕಡೆ ತಿರುಗಿ ‘ಮಿಸ್, ಇವನಿಗೆ ನೀರು ಬೇಕಂತಾ?’ ಎಂದರೆ ‘ಅವನನ್ನೇ ಕೇಳಿ’ ಎಂದು ಮಗುವಿನ ಕಡೆ ಕೈ ತೋರಿಸಿ, ಸುಮ್ಮನಿರಿ.

7. ವರ್ತನೆಯ ಹಿಂದಿನ ಕಾರಣ ಹುಡುಕಿ

ಗಣಿತದ ಪಿರಿಯಡ್ಡಿನಲ್ಲಿ ಹುಡುಗನೊಬ್ಬ ದಿನವೂ ಪುಸ್ತಕ ಎಸೆಯುತ್ತಾನೆ ಅಂದುಕೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಅದಕ್ಕೆ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಒಂದು ವಾರ ತುಂಬಿಸಿ. ಎಸೆದದ್ದು ಪ್ರತಿ ಸಲವೂ ಬರಹದ ಲೆಕ್ಕ ಕೊಟ್ಟ ಎರಡು ಮೂರು ನಿಮಿಷದೊಳಗೆ. ಆಮೇಲೆ ಪ್ರತಿ ಸಲವೂ ಅವನನ್ನು ಹೊರಗೆ ಕಳಿಸಲಾಗಿದೆ. ಹೊರಗೆ ಕಳಿಸುವುದು ನಮ್ಮ ಲೆಕ್ಕದಲ್ಲಿ ಶಿಕ್ಷೆ, ಅವನಿಗೆ ಬೇಕಾದದ್ದೂ ಅದೇ. ಪುಸ್ತಕ ಎಸೆದರೆ ಲೆಕ್ಕ ತಪ್ಪುತ್ತದೆ ಎಂದು ಅವನಿಗೆ ನಾವೇ ಕಲಿಸಿದ್ದೇವೆ.

ವರ್ತನೆಗಳು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಕ್ಕೆ ಉತ್ತರ: ಕಷ್ಟದಿಂದ ತಪ್ಪಿಸಿಕೊಳ್ಳಲು, ಯಾರಾದರೂ ತನ್ನ ಕಡೆ ನೋಡಲು, ಬೇಕಾದ ವಸ್ತು ಪಡೆಯಲು, ಅಥವಾ ದೇಹಕ್ಕೆ ಹಿತವೆನಿಸುವ ಅನುಭವಕ್ಕಾಗಿ. 1985ರಲ್ಲಿ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ತೋರಿಸಿಕೊಟ್ಟದ್ದು ಇಷ್ಟು: ಅದೇ ಉದ್ದೇಶವನ್ನು ಈಡೇರಿಸುವ ಒಂದು ಮಾತನ್ನೋ ಸಂಜ್ಞೆಯನ್ನೋ ಕಲಿಸಿದರೆ ಕಷ್ಟದ ವರ್ತನೆ ಇಳಿಯುತ್ತದೆ. ಆ ಹುಡುಗನಿಗೆ ‘ಸಹಾಯ ಬೇಕು’ ಮತ್ತು ‘ಎರಡು ನಿಮಿಷ ಬಿಡುವು’ ಎಂಬ ಎರಡು ಕಾರ್ಡ್ ಕೊಡಿ. ಶಾಂತವಾಗಿರುವಾಗ ಅಭ್ಯಾಸ ಮಾಡಿಸಿ. ಮೊದಲ ದಿನಗಳಲ್ಲಿ ಕಾರ್ಡ್ ತೋರಿಸಿದಾಗಲೆಲ್ಲ, ತೋರಿಸಿದ ಕ್ಷಣವೇ ಕೇಳಿದ್ದನ್ನು ಕೊಡಬೇಕು. ಎಸೆಯುವುದಕ್ಕಿಂತ ಕಾರ್ಡ್ ಬೇಗ ಕೆಲಸ ಮಾಡುತ್ತದೆ ಎಂದು ಅವನಿಗೆ ಮನವರಿಕೆಯಾಗಬೇಕು. ‘ಇಡೀ ದಿನ ಬಿಡುವೇ ಕೇಳಿದರೆ?’ ಎಂದು ಶಿಕ್ಷಕರು ಕೇಳುವುದು ಸಹಜ. ಕಾರ್ಡ್ ಗಟ್ಟಿಯಾದ ಮೇಲೆ ‘ಒಂದು ಲೆಕ್ಕ, ಆಮೇಲೆ ಬಿಡುವು’, ನಂತರ ‘ಮೂರು ಲೆಕ್ಕ’ ಎಂದು ಮೆಲ್ಲಗೆ ಹಿಗ್ಗಿಸಬಹುದು. ಜೊತೆಗೆ ಮೂಲವನ್ನೂ ನೋಡಿ: ಲೆಕ್ಕ ಕಷ್ಟವೋ, ಬರೆಯುವುದು ಕಷ್ಟವೋ? ಬರೆಯುವುದೇ ಕಷ್ಟವಾಗಿದ್ದರೆ ಅಂಕಿಗಳ ಚೀಟಿ ಕೊಟ್ಟು ಜೋಡಿಸಲು ಹೇಳಿ, ಎಸೆತ ಅಲ್ಲಿಗೇ ನಿಂತರೂ ನಿಂತೀತು.

ಹಳೆಯ ವರ್ತನೆಗೆ ಫಲ ಸಿಗದಾದಾಗ ಅದು ಕೆಲ ದಿನ ಇನ್ನಷ್ಟು ಜೋರಾಗಬಹುದು. ಇದನ್ನು ಸಹೋದ್ಯೋಗಿಗಳಿಗೂ ಮನೆಯವರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಯೋಜನೆ ಸೋತಿತೆಂದು ಮಧ್ಯದಲ್ಲೇ ಕೈಬಿಡುತ್ತಾರೆ. ಮತ್ತೊಂದು ಮಾತು: ಶಾಂತವಾಗಿದ್ದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ, ಹೊಡೆಯತೊಡಗಿದರೆ ಮೊದಲು ವೈದ್ಯರಿಗೆ ತೋರಿಸಿ. ಕಿವಿನೋವು, ಹಲ್ಲುನೋವು, ಮಲಬದ್ಧತೆಗಳನ್ನು ಹೇಳಲು ಬಾರದ ಮಗು ಹೀಗೆಯೇ ಹೇಳುತ್ತದೆ.

ಮಗು ಪೂರ್ತಿ ಕುಸಿದ ಹೊತ್ತಿನಲ್ಲಿ ಪಾಠ ಹೇಳಬೇಡಿ. ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ, ಸುತ್ತಲಿನವರನ್ನು ದೂರ ಕಳಿಸಿ, ಅಪಾಯದ ವಸ್ತು ಸರಿಸಿ, ಜಾಗ ಕೊಟ್ಟು ಹತ್ತಿರದಲ್ಲೇ ಇರಿ. ಏನಾಯಿತು ಎಂಬ ಮಾತು ನೀರು ಕುಡಿದು, ಉಸಿರು ತಿಳಿಯಾದ ಮೇಲೆ.

8. ಫಿಟ್ಸ್ ಬಂದರೆ

ವಿಶೇಷ ಅಗತ್ಯವುಳ್ಳ ಮಕ್ಕಳಲ್ಲಿ ಮೂರ್ಛೆರೋಗ ಹೆಚ್ಚು. ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಬೇಡಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಪೆಟ್ಟಾಗಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ ಅಥವಾ ಇದೇ ಮೊದಲ ಸಲವಾದರೆ ಆ್ಯಂಬುಲೆನ್ಸ್ ಕರೆಯಿರಿ. ಕೆಲವು ಸೆಕೆಂಡ್ ಶೂನ್ಯ ನೋಟ ನೆಟ್ಟು ಮತ್ತೆ ಮರಳುವ ಬಗೆಯೂ ಇದೆ, ಅದನ್ನು ಹಗಲುಗನಸೆಂದು ಗದರಿಸಬೇಡಿ. ಬರೆದಿಟ್ಟು ಮನೆಯವರಿಗೆ ತಿಳಿಸಿ.

9. ಗೆಳೆಯರ ನಡುವೆ ಬಿಡಿ

ಬಿಡುವಿನ ವೇಳೆ ದೊಡ್ಡವರ ಬೆರಳು ಹಿಡಿದು ಮೈದಾನ ಸುತ್ತುವ ಮಗುವಿನ ಬಳಿಗೆ ಬೇರೆ ಮಕ್ಕಳು ಬರುವುದಿಲ್ಲ. ಆಟವನ್ನು ಶುರುಮಾಡಿಸಿ, ನಿಯಮವೊಂದನ್ನು ಎಲ್ಲರಿಗೂ ಹೊಂದುವಂತೆ ಮಾರ್ಪಡಿಸಿ, ಆಮೇಲೆ ಹತ್ತು ಹೆಜ್ಜೆ ದೂರ ನಿಲ್ಲಿ. ತರಗತಿಯಲ್ಲಿ ಇಬ್ಬರು ಮೂವರು ಸಹಪಾಠಿಗಳಿಗೆ ಜೊತೆಯಾಗಿ ಕೆಲಸ ಮಾಡುವುದು ಹೇಗೆಂದು ಕಲಿಸಿ. ಕಾಯುವುದು, ಆ ಮಗುವಿನ ಪರವಾಗಿ ಮಾಡಿಬಿಡದಿರುವುದು ಮಕ್ಕಳಿಗೆ ನಮಗಿಂತ ಬೇಗ ಬರುತ್ತದೆ. ಒಬ್ಬರನ್ನೇ ಖಾಯಂ ‘ಸಹಾಯಕಿ’ ಮಾಡಬೇಡಿ, ಆ ಹುಡುಗಿಗೂ ಬಾಲ್ಯವಿದೆ. ಸದಾ ಸಹಾಯ ಪಡೆಯುವ ಮಗುವಿಗೆ ಸಹಾಯ ಕೊಡುವ ಕೆಲಸವೂ ಇರಲಿ: ಹಾಜರಿ ಪುಸ್ತಕ ಒಯ್ಯುವುದು, ಚಿತ್ರಗಳ ಹಾಳೆ ಹಂಚುವುದು, ತನಗೆ ಚೆನ್ನಾಗಿ ಬರುವುದನ್ನು ಇನ್ನೊಬ್ಬರಿಗೆ ತೋರಿಸುವುದು.

‘ಅವನು ಯಾಕೆ ಹಂಗೆ ಕೈ ಬಡೀತಾನೆ ಮಿಸ್?’ ಎಂದು ಮಕ್ಕಳು ಕೇಳುತ್ತಾರೆ. ‘ಖುಷಿಯಾದಾಗ, ಗದ್ದಲ ಹೆಚ್ಚಾದಾಗ ಅವನ ಮೈಗೆ ಅದು ಸಮಾಧಾನ ಕೊಡುತ್ತೆ’ ಎಂದು ನೇರವಾಗಿ ಹೇಳಿದರೆ ಅವರ ಕುತೂಹಲ ಅಲ್ಲಿಗೆ ತೀರುತ್ತದೆ. ರೋಗದ ಹೆಸರನ್ನು ಮನೆಯವರ ಒಪ್ಪಿಗೆಯಿಲ್ಲದೆ, ದೊಡ್ಡ ಮಕ್ಕಳಾದರೆ ಅವರದೇ ಒಪ್ಪಿಗೆಯಿಲ್ಲದೆ, ತರಗತಿಗೆ ಹೇಳುವ ಹಕ್ಕು ನಮಗಿಲ್ಲ.

10. ಮನೆಯವರು ಮತ್ತು ನೀವು

ಶಾಲೆಯಿಂದ ಫೋನ್ ಬಂತೆಂದರೆ ಎದೆ ಧಸಕ್ಕೆನ್ನುವ ತಂದೆತಾಯಿ ಇವರು. ಆದ್ದರಿಂದ ನಿಮ್ಮ ಮೊದಲ ಫೋನ್ ಒಳ್ಳೆಯ ಸುದ್ದಿಯದ್ದಾಗಿರಲಿ: ‘ಇವತ್ತು ಚೀಲ ತಾನೇ ಜೋಡಿಸಿಕೊಂಡಳು, ಯಾರೂ ಹೇಳಲಿಲ್ಲ.’ ಮನೆಗೂ ಶಾಲೆಗೂ ಓಡಾಡುವ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ದಿನಕ್ಕೆ ಎರಡು ಸಾಲು ಸಾಕು, ಒಂದು ಕಲಿಕೆಯದ್ದು, ಒಂದು ಖುಷಿಯದ್ದು. ದೂರುಗಳನ್ನು ಅದರಲ್ಲಿ ಬರೆಯಬೇಡಿ, ಮಗುವೂ ಅದನ್ನು ಓದುತ್ತದೆ. ಮನೆಗೆ ಹೊಸ ಅಭ್ಯಾಸ ಹೇಳುವಾಗ ಆ ಮನೆಯ ದಿನಚರಿಯಲ್ಲಿ ಈಗಾಗಲೇ ಇರುವ ಕೆಲಸಕ್ಕೇ ಅದನ್ನು ಸೇರಿಸಿ.

ನಿಮ್ಮ ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಷ್ಟದ ದಿನದ ನಂತರ ಹತ್ತು ನಿಮಿಷ ಮಾತಾಡಲು ಒಬ್ಬ ಸಹೋದ್ಯೋಗಿ, ತರಬೇತಿಯಿಲ್ಲದ ಕೆಲಸ ಕೊಟ್ಟಾಗ ‘ಮೊದಲು ಕಲಿಸಿಕೊಡಿ’ ಎನ್ನುವ ಧೈರ್ಯ, ಇವೆರಡೂ ಇಲ್ಲದೆ ಈ ವೃತ್ತಿಯಲ್ಲಿ ಬಹುಕಾಲ ಉಳಿಯಲಾಗದು.

11. ಕುರ್ಚಿ ಸರಿಸಿ

ಈಗ ಮೊದಲು ಕೇಳಿಕೊಂಡ ಪ್ರಶ್ನೆಗೆ ದಿನಾಂಕ ಹಾಕುವ ಹೊತ್ತು. ದಾಖಲೆಯ ಹಾಳೆಯಲ್ಲಿ ಒಂದು ಕೆಲಸಕ್ಕೆ ಸತತವಾಗಿ ‘ಸ್ವ’ ಅಥವಾ ‘ಸ’ ಬರುತ್ತಿದ್ದರೆ ಆ ಕೆಲಸದ ಹೊತ್ತಿನಲ್ಲಿ ಕುರ್ಚಿಯನ್ನು ಪಕ್ಕದಿಂದ ಹಿಂದಕ್ಕೆ ಸರಿಸಿ. ಮುಂದಿನ ವಾರ ಎರಡು ಬೆಂಚಿನಾಚೆ. ಆಮೇಲೆ ತರಗತಿಯ ಶಿಕ್ಷಕರ ಮೇಜಿನ ಬಳಿ. ಒಂ‌ದೊಂದು ಪಿರಿಯಡ್‌ನಿಂದ ಪೂರ್ತಿ ಹೊರಬನ್ನಿ. ‘ಸಹಾಯ ಬೇಕಾದರೆ ಈ ಕಾರ್ಡ್ ಎತ್ತು’ ಎಂದು ಮಗುವಿಗೆ ಹೇಳಿಟ್ಟಿರಿ, ಎತ್ತಿದಾಗ ತರಗತಿಯ ಶಿಕ್ಷಕರೇ ಮೊದಲು ಹೋಗಲಿ. ಜಾರಿದರೆ ಒಂದು ಹೆಜ್ಜೆ ಮುಂದಕ್ಕೆ ಬಂದು ಮತ್ತೆ ಪ್ರಯತ್ನಿಸಿ. ಯಾವ ಪಿರಿಯಡ್‌ನಲ್ಲಿ ಸಹಾಯಕರಿಲ್ಲ ಎಂಬುದನ್ನು ಯೋಜನೆಯಲ್ಲೇ ಬರೆದಿಡಿ, ಇಲ್ಲವಾದರೆ ಆಡಳಿತದವರು ‘ಮಗು ಈಗ ಸರಿಹೋಗಿದೆ’ ಎಂದು ಇಡೀ ನೆರವನ್ನು ಒಮ್ಮೆಲೇ ಕಿತ್ತುಬಿಡುವ ಅಪಾಯವಿದೆ. ಗಣಿತದಲ್ಲಿ ಒಬ್ಬಂಟಿಯಾಗಿ ನಿಭಾಯಿಸುವ ಮಗುವಿಗೆ ಪ್ರಯೋಗಾಲಯದಲ್ಲಿ ಜೊತೆ ಬೇಕಿರಬಹುದು.

ವರ್ಷ ಮುಗಿಯುವಾಗ ಮುಂದಿನ ತರಗತಿಯ ಶಿಕ್ಷಕರಿಗೆ ಒಂದೇ ಒಂದು ಪುಟ ಬರೆಯಿರಿ. ಮಗುವಿಗೆ ಏನು ಇಷ್ಟ, ಏನನ್ನು ತಾನೇ ಮಾಡುತ್ತದೆ, ಎಲ್ಲಿ ಎಷ್ಟು ಕಾಯಬೇಕು, ಯಾವ ಸಹಾಯ ಬೇಕು, ಯಾವ ಸಹಾಯ ಈಗ ಬೇಡ, ಸಂಕಟದ ಮೊದಲ ಲಕ್ಷಣ ಯಾವುದು. ಕೊಡುವ ಮೊದಲು ಅದನ್ನು ಮಗುವಿಗೆ ಓದಿ ಹೇಳಿ ಅಥವಾ ಚಿತ್ರಗಳಲ್ಲಿ ತೋರಿಸಿ. ತೆಗೆಯಿರಿ ಎಂದದ್ದನ್ನು ತೆಗೆದು, ಸೇರಿಸಿ ಎಂದದ್ದನ್ನು ಸೇರಿಸಿ, ಆಮೇಲೆ ಹೊಸ ಶಿಕ್ಷಕರ ಕೈಗೆ ಅದನ್ನು ಮಗುವಿನಿಂದಲೇ ಕೊಡಿಸಿ.